ಕಾಲಿನ ಮೂಳೆ, ಬಾಯಿಯ ದವಡೆ

ಇವತ್ತು ರಾಜಕೀಯ ಬೇಡ.

ನಮ್ಮ ಜೊತೆ ವರ್ಷಗಟ್ಟಲೆ ಕೆಲಸ ಮಾಡಿದ ಕ್ಯಾಮೆರಾಮನ್ ಒಬ್ಬರು ಮೊನ್ನೆ ಸ್ಟುಡಿಯೋಗೆ ಬಂದಿದ್ದರು. ವಯಸ್ಸು 42. ಬಲಗೆನ್ನೆಯಿಂದ ಕತ್ತಿನವರೆಗೆ ಹೊಲಿಗೆಯ ಗುರುತು. ನಡಿಗೆಯಲ್ಲಿ ಸಣ್ಣ ಕುಂಟು. ಕಾಯಿಲೆ ಬಾಯಿಯದು, ಕಾಲಿಗೇನಾಯ್ತು ಅಂತ ಕೇಳಿದೆ. "ಕಾಲಿನ ಮೂಳೆ ಈಗ ಇಲ್ಲಿದೆ ಸಾರ್" ಅಂತ ದವಡೆ ಮುಟ್ಟಿ ತೋರಿಸಿದರು.

ಕ್ಯಾನ್ಸರ್ ದವಡೆಯ ಮೂಳೆಗೆ ಇಳಿದರೆ ಆ ಭಾಗವನ್ನು ಕತ್ತರಿಸಿ ತೆಗೆಯಬೇಕು. ಹಾಗೇ ಬಿಟ್ಟರೆ ಮುಖ ಒಂದು ಕಡೆ ಕುಸಿಯುತ್ತೆ, ಅಗಿಯೋಕೆ ಆಗಲ್ಲ, ಜೊಲ್ಲು ನಿಲ್ಲಲ್ಲ, ಮಾತು ತೊದಲುತ್ತೆ. ನೋಡಿ, ಮೊಣಕಾಲಿನ ಕೆಳಗೆ ನಮಗೆ ಎರಡು ಮೂಳೆ. ಮೈಭಾರವನ್ನು ಹೆಚ್ಚಾಗಿ ಹೊರೋದು ದಪ್ಪ ಮೂಳೆ. ಪಕ್ಕದ ತೆಳು ಮೂಳೆ ಫಿಬುಲಾ. ಅದರ ನಡುಭಾಗವನ್ನು ರಕ್ತನಾಳದ ಸಮೇತ, ಬೇಕಾದರೆ ಚರ್ಮದ ಸಮೇತ ತೆಗೆದು, ದವಡೆಯ ಬಾಗಿಗೆ ತಕ್ಕಂತೆ ತುಂಡರಿಸಿ, ಟೈಟಾನಿಯಂ ಪ್ಲೇಟಿನಿಂದ ಬಿಗಿಯುತ್ತಾರೆ. ಆಮೇಲೆ ಸೂಕ್ಷ್ಮದರ್ಶಕದ ಕೆಳಗೆ, ಕೆಲವೇ ಮಿಲಿಮೀಟರ್ ಅಗಲದ ಆ ನಾಳಗಳನ್ನು ಕತ್ತಿನ ನಾಳಗಳಿಗೆ ಹೊಲಿಯುತ್ತಾರೆ. ರಕ್ತ ಹರಿದರೆ ಮೂಳೆ ಬದುಕಿತು. ದವಡೆಗೆ ಈ ವಿಧಾನ ಬಳಸಿದ್ದನ್ನು 1989ರಲ್ಲಿ ಅಮೆರಿಕದ ಡಾಕ್ಟರ್ ಡೇವಿಡ್ ಹಿಡಾಲ್ಗೋ ಪ್ರಕಟಿಸಿದರು. ಇವತ್ತು ಬೆಂಗಳೂರಿನಲ್ಲೂ ಮಾಡುತ್ತಾರೆ.

ಅವರ ಆಪರೇಷನ್ಗೆ ಇಡೀ ದಿನ ಹಿಡಿಯಿತಂತೆ. ವಾರಗಟ್ಟಲೆ ಮೂಗಿನ ಟ್ಯೂಬಿನಲ್ಲೇ ಊಟ. ಆಮೇಲೆ ರೇಡಿಯೇಷನ್. "ಜೋಳದ ರೊಟ್ಟಿ ಕನಸಲ್ಲಿ ಬರುತ್ತೆ ಸಾರ್" ಅಂದರು. ಮೊದಲು ಹುಣ್ಣಾದಾಗ ಏನು ಮಾಡಿದ್ರಿ ಅಂತ ಕೇಳಿದೆ. ಆರು ತಿಂಗಳು ಬಿ ಕಾಂಪ್ಲೆಕ್ಸ್ ಮಾತ್ರೆ ನುಂಗಿದರಂತೆ.

2013ರಲ್ಲಿ ನಮ್ಮ ರಾಜ್ಯ ಗುಟ್ಕಾ ನಿಷೇಧಿಸಿತು. ಅಂಗಡಿಯಲ್ಲಿ ಏನಾಯ್ತು? ಪಾನ್ ಮಸಾಲಾ ಒಂದು ಪೊಟ್ಟಣ, ತಂಬಾಕು ಇನ್ನೊಂದು ಪೊಟ್ಟಣ. ಎರಡನ್ನೂ ಬೆರೆಸಿ ಬಾಯಿಗೆ ಹಾಕಿದರೆ ಅದೇ ಗುಟ್ಕಾ. ತಂಬಾಕಿಲ್ಲ, ಬರೀ ಅಡಿಕೆ ಅನ್ನೋರೂ ಇದ್ದಾರೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಅಡಿಕೆಯನ್ನೂ ಕ್ಯಾನ್ಸರ್ಕಾರಕಗಳ ಮೊದಲ ಗುಂಪಿಗೆ ಸೇರಿಸಿದೆ. ಮಲೆನಾಡಿನ ಬೆಳೆಗಾರರಿಗೆ ಈ ಮಾತು ಕಹಿ ಅಂತ ನನಗೆ ಗೊತ್ತು. ಆದರೂ ಹೇಳಲೇಬೇಕು.

ಹೊರಡುವ ಮುಂಚೆ ಅವರು ಕೇಳಿದರು: "ಸಾರ್, ನಿಮ್ಮ ಪ್ರೋಗ್ರಾಂ ಬ್ರೇಕಲ್ಲಿ ಆ ಏಲಕ್ಕಿ ಜಾಹೀರಾತು ಇನ್ನೂ ಬರುತ್ತಾ?" ಬರುತ್ತೆ. ಹೆಸರು ಏಲಕ್ಕಿಯದು, ಬ್ರ್ಯಾಂಡ್ ಮಾತ್ರ ಪಾನ್ ಮಸಾಲಾದ್ದೇ. ಆ ದುಡ್ಡಿನಲ್ಲಿ ನನ್ನ ಸಂಬಳವೂ ಇದೆ. ಹೀಗಿರುವಾಗ ನಾನು ಯಾವ ಬಾಯಲ್ಲಿ ಸರ್ಕಾರವನ್ನು ಬೈಯಲಿ? ಈ ಪ್ರಶ್ನೆಯನ್ನು ಮ್ಯಾನೇಜ್ಮೆಂಟ್ ಮುಂದೆ ಇಟ್ಟಿದ್ದೇನೆ. ಉತ್ತರ ಬಂದ ದಿನ ನಿಮಗೂ ಹೇಳುತ್ತೇನೆ.

ಅಲ್ಲಿಯವರೆಗೆ ಕನ್ನಡಿ ಮುಂದೆ ನಿಂತು ಬಾಯಿ ತೆರೆಯಿರಿ. ಮೂರು ವಾರವಾದರೂ ಮಾಯದ ಹುಣ್ಣು, ಬಿಳಿ ಅಥವಾ ಕೆಂಪು ಮಚ್ಚೆ ಇದೆಯಾ? ಮೂರು ಬೆರಳು ಉದ್ದುದ್ದಕ್ಕೆ ಜೋಡಿಸಿದರೆ ಬಾಯೊಳಗೆ ಹೋಗ್ತಾ ಇಲ್ವಾ? ನಾಳೆಯೇ ಹಲ್ಲಿನ ಡಾಕ್ಟರ ಹತ್ತಿರ ಹೋಗಿ. ಮೊದಲೇ ಸಿಕ್ಕಿದರೆ ದವಡೆಯೂ ಉಳಿಯಬಹುದು, ಕಾಲೂ ಉಳಿಯಬಹುದು.