ಒಂದು ವೋಟು, ಒಂದು ನೋಟು: ಶಾಂತವೇರಿ ಗೋಪಾಲಗೌಡರು



ಪಟಾನ್‌ಚೆರುವಿನ ಕಾರ್ಖಾನೆಗಳಲ್ಲಿ ದುಡಿಯುವ ನಿಮ್ಮಲ್ಲಿ ಅನೇಕರ ಊರು ಬೀದರ, ಕಲಬುರಗಿ ಕಡೆಯದು. ಊರಿನಲ್ಲಿ ಒಂದಿಷ್ಟು ಹೊಲ ಇನ್ನೂ ಉಳಿದಿರಬಹುದು. ಆ ಹೊಲದ ಪಹಣಿಯಲ್ಲಿ ನಿಮ್ಮ ಅಜ್ಜನ ಹೆಸರು ಬಂದದ್ದು ಹೇಗೆ ಎಂದು ಎಂದಾದರೂ ವಿಚಾರಿಸಿದ್ದೀರಾ? ಆ ನೆಪದಲ್ಲಿ ಇಂದು ಒಬ್ಬ ಶಾಸಕರ ಮಾತಾಡೋಣ.

ಶಾಂತವೇರಿ ಗೋಪಾಲಗೌಡರು ಹುಟ್ಟಿದ್ದು 1923ರಲ್ಲಿ, ಶಿವಮೊಗ್ಗ ಜಿಲ್ಲೆಯ ತೀರ್ಥಹಳ್ಳಿ ತಾಲೂಕಿನ ಆರಗದಲ್ಲಿ. ಮನೆಯಲ್ಲಿ ಬಡತನ. ವಿದ್ಯಾರ್ಥಿಯಾಗಿದ್ದಾಗಲೇ 1942ರ ಚಳವಳಿಗೆ ಧುಮುಕಿ ಜೈಲು ಕಂಡರು. ಮುಂದೆ ಸಮಾಜವಾದಿ ಪಕ್ಷ ಸೇರಿದರು.

ಆಗ ಮಲೆನಾಡಿನಲ್ಲಿ ಉಳುವವನೊಬ್ಬ, ಒಡೆಯನೊಬ್ಬ. ಬೆಳೆದ ಭತ್ತದಲ್ಲಿ ಗೇಣಿ ಅಳೆದುಕೊಡಬೇಕು. ಅಳೆಯುವ ಕೊಳಗ ಮಾತ್ರ ಧಣಿಯದು, ಅದೂ ದೊಡ್ಡದು. ಸರ್ಕಾರದ ಮುದ್ರೆಯಿರುವ ಕೊಳಗದಲ್ಲೇ ಅಳೆಯಿರಿ ಎಂದು ಸಾಗರ ತಾಲೂಕಿನ ಕಾಗೋಡಿನ ಗೇಣಿದಾರರು ಕೇಳಿದರು. ಧಣಿಗಳು ಒಪ್ಪಲಿಲ್ಲ, ಗೇಣಿ ಜಮೀನನ್ನೇ ಬಿಡಿಸಿದರು. 1951ರಲ್ಲಿ ರೈತರು ನೇಗಿಲು ಹಿಡಿದು ಅದೇ ಗದ್ದೆಗಿಳಿದರು. ಎಚ್. ಗಣಪತಿಯಪ್ಪನವರು ರೈತರನ್ನು ಸಂಘಟಿಸಿದ್ದರು; ಗೋಪಾಲಗೌಡರು ಮತ್ತು ಅವರ ಸಂಗಾತಿಗಳು ಬೆನ್ನಿಗೆ ನಿಂತರು. ಜೂನ್‌ನಲ್ಲಿ ರಾಮಮನೋಹರ ಲೋಹಿಯಾ ಬಂದು ಬಂಧಿತರಾದಾಗ ಕಾಗೋಡಿನ ಹೆಸರು ದೇಶಕ್ಕೆಲ್ಲ ಕೇಳಿಸಿತು.

ಮರುವರ್ಷ ಮೊದಲ ಸಾರ್ವತ್ರಿಕ ಚುನಾವಣೆ. ಗೌಡರ ಕೈಯಲ್ಲಿ ಹಣವಿರಲಿಲ್ಲ. ಒಂದು ವೋಟು ಕೊಡಿ, ಜೊತೆಗೆ ಒಂದು ನೋಟನ್ನೂ ಕೊಡಿ ಎಂದು ಜನರನ್ನೇ ಕೇಳಿದರು. ಜನ ಎರಡನ್ನೂ ಕೊಟ್ಟು ಗೆಲ್ಲಿಸಿದರು. 1957ರಲ್ಲಿ ಸೋತರು. 1962 ಮತ್ತು 1967ರಲ್ಲಿ ತೀರ್ಥಹಳ್ಳಿಯಿಂದ ಮತ್ತೆ ಗೆದ್ದರು. ಮಂತ್ರಿಯಾಗಲೇ ಇಲ್ಲ. ವಿರೋಧ ಪಕ್ಷದ ಸಾಲಿನಲ್ಲಿ ಕುಳಿತು ಗೇಣಿದಾರರ ಪರ ವಾದಿಸಿದರು; ಸದನದಲ್ಲಿ ಕನ್ನಡ ನಡೆಯಬೇಕೆಂದು, ರಾಜ್ಯಕ್ಕೆ ಕರ್ನಾಟಕ ಎಂಬ ಹೆಸರು ಬೇಕೆಂದು ಹಟ ಹಿಡಿದರು. ಯು.ಆರ್. ಅನಂತಮೂರ್ತಿಯವರ 'ಅವಸ್ಥೆ' ಕಾದಂಬರಿಗೆ ಅವರ ಬದುಕೇ ಪ್ರೇರಣೆ.

1972ರ ಜೂನ್ 9ರಂದು ಗೌಡರು ತೀರಿಕೊಂಡರು. ವಯಸ್ಸು 49. ಮರುವರ್ಷ ರಾಜ್ಯಕ್ಕೆ ಕರ್ನಾಟಕ ಎಂಬ ಹೆಸರು ಬಂತು. 1974ರ ಮಾರ್ಚ್ 1ರಂದು ದೇವರಾಜ ಅರಸರ ಸರ್ಕಾರದ ಭೂಸುಧಾರಣೆ ಜಾರಿಯಾಯಿತು. ಗೇಣಿ ಜಮೀನೆಲ್ಲ ಸರ್ಕಾರಕ್ಕೆ ಸೇರಿ, ಉಳುತ್ತಿದ್ದವನು 7ನೇ ನಮೂನೆಯ ಅರ್ಜಿ ಹಾಕಿ ಅದನ್ನು ಪಡೆಯುವಂತಾಯಿತು. ಭೂನ್ಯಾಯ ಮಂಡಳಿಯ ಮುಂದೆ ಆರಂಭದಲ್ಲಿ ವಕೀಲರಿಗೂ ಪ್ರವೇಶವಿರಲಿಲ್ಲ. ರೈತ ತನ್ನ ಮಾತನ್ನು ತಾನೇ ಹೇಳಬಹುದಿತ್ತು. ಎರಡನ್ನೂ ನೋಡಲು ಗೌಡರು ಇರಲಿಲ್ಲ.

ಅದೇ 1972ರಲ್ಲಿ ನಮ್ಮ ಪಟಾನ್‌ಚೆರುವಿನಲ್ಲಿ ಇಕ್ರಿಸ್ಯಾಟ್ ಸ್ಥಾಪನೆಯಾಯಿತು. ಜೋಳ, ಸಜ್ಜೆ, ತೊಗರಿ, ಕಡಲೆ, ಶೇಂಗಾ ಅಲ್ಲಿನ ಸಂಶೋಧನೆಯ ಬೆಳೆಗಳು; ನಿಮ್ಮೂರಿನ ಬೆಳೆಗಳೂ ಹೌದು. ಒಳ್ಳೆಯ ಬೀಜದಿಂದ ಇಳುವರಿ ಹೆಚ್ಚುತ್ತದೆ. ಆದರೆ ಹೆಚ್ಚಿದ ಇಳುವರಿ ಯಾರ ಕಣಜ ಸೇರಬೇಕು ಎಂಬುದನ್ನು ಪ್ರಯೋಗಾಲಯ ಹೇಳಲಾರದು. ಅದು ಶಾಸನಸಭೆಯಲ್ಲೇ ತೀರ್ಮಾನವಾಗಬೇಕು.

2020ರಲ್ಲಿ ಕರ್ನಾಟಕದ ಕಾಯ್ದೆಗೆ ತಿದ್ದುಪಡಿ ಬಂದು, ಕೃಷಿಕರಲ್ಲದವರೂ ಕೃಷಿಭೂಮಿ ಕೊಳ್ಳಬಹುದೆಂದಾಯಿತು. ಮಾರುವವನಿಗೆ ಒಳ್ಳೆಯ ಬೆಲೆ ಸಿಗುತ್ತದೆ ಎನ್ನುವವರಿದ್ದಾರೆ. ಸಣ್ಣ ರೈತ ನೆಲ ಕಳೆದುಕೊಳ್ಳುತ್ತಾನೆ ಎನ್ನುವವರೂ ಇದ್ದಾರೆ. ನಿಮ್ಮ ನಿಲುವು ಯಾವುದೇ ಇರಲಿ, ಹಬ್ಬಕ್ಕೆ ಊರಿಗೆ ಹೋದಾಗ ಹಿರಿಯರನ್ನು ಕೂರಿಸಿಕೊಂಡು ಆ ಹಳೆಯ ಕಾಗದಗಳನ್ನು ತೆರೆದು ನೋಡಿ. ಮತ ಕೇಳಲು ಬಂದವರಿಗೆ ರಸ್ತೆ, ನೀರಿನ ಜೊತೆ ಹೊಲದ ಪ್ರಶ್ನೆಯನ್ನೂ ಕೇಳಿ.