ಮಾತ್ರೆಯ ಪಟ್ಟಿ ಓದೋಣ



ನಮ್ಮ ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆ ನಿಮಗೆಲ್ಲ ಗೊತ್ತು. ಅಲ್ಲಿ ಗೂಡಿಗೆ ಲಾಟ್ ನಂಬರು ಇರುತ್ತೆ. ನಂಬರು ಹಿಡಿದರೆ ಗೂಡು ಯಾರದು ಅಂತ ತಿಳಿಯುತ್ತೆ. ಔಷಧಿಗೂ ಹಾಗೇ. ಕಂಪನಿಯಲ್ಲಿ ಒಂದು ಸಲಕ್ಕೆ ಒಟ್ಟಿಗೆ ತಯಾರಾದ ಮಾತ್ರೆಗೆಲ್ಲ ಒಂದೇ ನಂಬರು. ಅದು ಬ್ಯಾಚ್ ನಂಬರು.

ಈ ನಂಬರು ಯಾಕೆ ಬೇಕು? ಬಳ್ಳಾರಿಯ ಸಂಗತಿ ಕೇಳಿ. 2024ರ ನವೆಂಬರಿನಲ್ಲಿ ಅಲ್ಲಿನ ಸರ್ಕಾರಿ ಆಸ್ಪತ್ರೆಯಲ್ಲಿ ಸಿಸೇರಿಯನ್ ಆದ ಐದು ಜನ ಬಾಣಂತಿಯರು ಒಬ್ಬರ ಹಿಂದೆ ಒಬ್ಬರು ತೀರಿಕೊಂಡರು. ಅವರಿಗೆ ಹಾಕಿದ್ದ ಡ್ರಿಪ್ ಬಾಟಲಿಯ ಮೇಲೆ ಅನುಮಾನ ಬಂತು. ರಿಂಗರ್ ಲ್ಯಾಕ್ಟೇಟ್ ಅಂತ ಅದರ ಹೆಸರು. ಪಶ್ಚಿಮ ಬಂಗಾಳದ ಕಂಪನಿಯದು. ಆ ಕಂಪನಿಯ ಕೆಲವು ಬ್ಯಾಚು ಸರಿಯಿಲ್ಲ ಅಂತ ನಮ್ಮ ರಾಜ್ಯದ ಲ್ಯಾಬು ಮೊದಲೇ ಹೇಳಿತ್ತು. ಕೇಂದ್ರದ ಲ್ಯಾಬು ಸರಿಯಿದೆ ಅಂದಿತು. ಬಾಟಲಿಗಳು ಮತ್ತೆ ಬಳಕೆಗೆ ಬಂದವು. ಸಾವುಗಳಾದ ಮೇಲೆ ಸರ್ಕಾರ ಅದನ್ನು ನಿಲ್ಲಿಸಿತು. ರಾಜ್ಯದ ಔಷಧ ನಿಯಂತ್ರಕರನ್ನು ಅಮಾನತು ಮಾಡಿತು. ಆದರೆ ತಾಯಿ ಇಲ್ಲದ ಕೂಸುಗಳಿಗೆ ಅದರಿಂದ ಏನು ಬಂತು, ಹೇಳಿ?

ಕಾನೂನು ಇಲ್ಲ ಅಂತಲ್ಲ. 1940ರಲ್ಲೇ ಆಗಿದೆ. ಲೈಸೆನ್ಸ್ ಇಲ್ಲದೆ ಔಷಧಿ ತಯಾರಿಸಬಾರದು. ಡ್ರಗ್ ಇನ್ಸ್‌ಪೆಕ್ಟರು ಕಾರ್ಖಾನೆಗೂ ಹೋಗಬಹುದು, ಅಂಗಡಿಗೂ ಹೋಗಬಹುದು. ಅಂಗಡಿಯಲ್ಲಿ ಮಾದರಿ ತೆಗೆದರೆ ಅದರ ಬೆಲೆ ಕೊಡಬೇಕು. ಮಾದರಿಯನ್ನು ನಾಲ್ಕು ಪಾಲು ಮಾಡಿ ಮೊಹರು ಹಾಕುತ್ತಾರೆ. ಒಂದು ಅಂಗಡಿಯವರಿಗೆ, ಒಂದು ಲ್ಯಾಬಿಗೆ, ಒಂದು ಕೋರ್ಟಿಗೆ, ಇನ್ನೊಂದು ತಯಾರಿಸಿದವರಿಗೆ. ಆಮೇಲೆ ಯಾರೂ ಮಾತು ತಿರುಗಿಸೋ ಹಾಗಿಲ್ಲ. ಕಲಬೆರಕೆ ಔಷಧಿಯಿಂದ ಸಾವಾದರೆ ಕನಿಷ್ಠ 10 ವರ್ಷ ಜೈಲು, ಜೀವಾವಧಿಯೂ ಆಗಬಹುದು.

ಇನ್ನೊಂದು ಮಾತು ಬಹಳ ಜನಕ್ಕೆ ತಿಳಿದಿಲ್ಲ. ಕೊಂಡ ಔಷಧಿಯ ಮೇಲೆ ಅನುಮಾನ ಬಂದರೆ, ನಿಗದಿ ಮಾಡಿದ ಶುಲ್ಕ ಕಟ್ಟಿ, ನಾವೇ ಸರ್ಕಾರಿ ಲ್ಯಾಬಿಗೆ ಪರೀಕ್ಷೆಗೆ ಕೊಡಬಹುದು. ಅದೇ ಕಾನೂನಿನ 26ನೇ ಕಲಮಿನಲ್ಲಿ ಹೀಗಿದೆ.

ಅದಕ್ಕೇ ಬಿಲ್ ಕೇಳಿ. ಬಿಸಿನೀರಿನಲ್ಲಿ ನೂಲು ತೆಗೆದು ಕೈ ನೋಯುತ್ತೆ. ಸಂಜೆ ಎರಡು ನೋವಿನ ಮಾತ್ರೆ ತರುತ್ತೀರಿ. ಪಟ್ಟಿ ಕತ್ತರಿಸಿ ಕೊಡುತ್ತಾರೆ. ತಾರೀಖು ಇರೋ ತುಂಡು ಅಂಗಡಿಯಲ್ಲೇ ಉಳಿಯುತ್ತೆ. "ಮೊದಲು ಪೂರ್ತಿ ಪಟ್ಟಿ ತೋರಿಸಿ ಅಣ್ಣ" ಅನ್ನಿ. ಬೇಜಾರು ಮಾಡಿಕೊಂಡರೆ ಮಾಡಿಕೊಳ್ಳಲಿ.

ಪಟ್ಟಿಯ ಮೇಲೆ ಬರೆದಿರೋದು ಇಂಗ್ಲಿಷು. ಅದು ಬರದಿದ್ದರೂ ಅಂಕಿ ನಮಗೆ ಬರುತ್ತಲ್ಲ! ಇ, ಎಕ್ಸ್, ಪಿ ಅನ್ನೋ ಮೂರು ಅಕ್ಷರ ಹುಡುಕಿ. ಅವು ಹೇಗಿರುತ್ತವೆ ಅಂತ ಹಲಗೆ ಮೇಲೆ ಬರೆದಿದ್ದೇವೆ. ಪಕ್ಕದಲ್ಲಿ ತಿಂಗಳು, ವರ್ಷ ಇರುತ್ತೆ. 06/2027 ಅಂತಿದ್ದರೆ 2027ರ ಜೂನ್ ಕೊನೆಯವರೆಗೆ ಬಳಸಬಹುದು. ಜುಲೈನಲ್ಲಿ ಬೇಡ.

ಈಗ ಖಾಲಿ ಪಟ್ಟಿಗಳನ್ನು ಕೊಡುತ್ತೇವೆ. ಇಬ್ಬಿಬ್ಬರು ಕೂತು ಬ್ಯಾಚ್ ನಂಬರು, ತಾರೀಖು ಹುಡುಕಿ ನಿಮ್ಮ ಪುಸ್ತಕದಲ್ಲಿ ಬರೆಯಿರಿ.