ಮೂರು ನಿಮಿಷ ನಮ್ಮದು, ಮೊದಲ ತೊಂಬತ್ತು ಸೆಕೆಂಡ್ ನಿಮ್ಮದು

ಇಯರ್‌ಫೋನ್ ಹಾಕ್ಕೊಂಡು ಮೆಟ್ರೋದಲ್ಲೋ, ಬಿಎಂಟಿಸಿ ಬಸ್ಸಲ್ಲೋ ನಿಂತು ಕೇಳ್ತಿರೋರಿಗೆ ನಮಸ್ಕಾರ. ನಾನು ಚಾಮರಾಜಪೇಟೆಯವನು. ಕೆಲಸ ಏರ್‌ಪೋರ್ಟ್ ಫೈರ್ ಸರ್ವಿಸ್‌ನಲ್ಲಿ. ಏರ್‌ಪೋರ್ಟ್‌ನಲ್ಲಿ ಕೆಲಸ ಅಂದ್ರೆ ಜನ ಮೊದಲು "ಪೈಲಟ್ಟಾ?" ಅಂತಾರೆ, ಆಮೇಲೆ "ಲಗೇಜಾ?" ಅಂತಾರೆ. ಫೈರ್ ಅಂದ್ರೆ, "ಅಲ್ಲಿ ದಿನಾ ಬೆಂಕಿ ಬೀಳುತ್ತೇನಪ್ಪಾ?" ನಮ್ಮಮ್ಮ ಇವತ್ತಿಗೂ ಕೇಳೋದು ಅದನ್ನೇ.

ಇಲ್ಲ, ಬೀಳಲ್ಲ. ದೇವರ ದಯೆ. ಹಾಗಾದರೆ ಬೆಂಕಿ ಬೀಳದ ದಿನಗಳಲ್ಲಿ ನಾವು ಏನು ಮಾಡ್ತೀವಿ? ಅಕಸ್ಮಾತ್ ಬಿದ್ದ ದಿನ ವಿಮಾನದೊಳಗೆ ಕೂತಿರೋ ನೀವು ಏನು ಮಾಡಬೇಕು? ಇವೆರಡನ್ನ ಹೇಳೋಕೆ ಬಂದಿದೀನಿ.

ಮೊದಲು ಗಡಿಯಾರದ ವಿಷಯ. ಪ್ರಪಂಚದ ವಿಮಾನ ನಿಲ್ದಾಣಗಳಿಗೆಲ್ಲ ನಿಯಮ ಮಾಡೋದು ಐಕಾವೊ ಅನ್ನೋ ಅಂತರರಾಷ್ಟ್ರೀಯ ಸಂಸ್ಥೆ. ಅದರ ಪ್ರಕಾರ, ಹವಾಮಾನ ಚೆನ್ನಾಗಿದ್ದಾಗ, ಕರೆ ಬಂದ ಮೂರು ನಿಮಿಷದೊಳಗೆ ನಮ್ಮ ಮೊದಲ ವಾಹನ ರನ್‌ವೇಯ ಯಾವುದೇ ಜಾಗಕ್ಕೆ ತಲುಪಿ ನೊರೆ ಹಾರಿಸೋಕೆ ಶುರು ಮಾಡಿರಬೇಕು. ಅದು ಮಿತಿ. ಗುರಿ ಎರಡೇ ನಿಮಿಷ. ದೇವನಹಳ್ಳಿಯ ಕೆಂಪೇಗೌಡ ನಿಲ್ದಾಣದ ಎರಡೂ ರನ್‌ವೇಗಳು ತಲಾ 4 ಕಿಲೋಮೀಟರ್ ಉದ್ದ. ನಮ್ಮ ಚಾಮರಾಜಪೇಟೆಯಿಂದ ಗಾಂಧಿ ಬಜಾರಿಗೆ ಹೊರಟರೆ, ಮೂರು ನಿಮಿಷ ರಾಮಕೃಷ್ಣ ಆಶ್ರಮದ ಸಿಗ್ನಲ್‌ನಲ್ಲೇ ಕಳೆದುಹೋಗುತ್ತೆ!

ಮೂರೇ ನಿಮಿಷ ಯಾಕೆ? ವಿಮಾನದ ಇಂಧನ ಒಂದು ಬಗೆಯ ಸೀಮೆಎಣ್ಣೆ. ಅದು ನೆಲದ ಮೇಲೆ ಚೆಲ್ಲಿ ಹೊತ್ತಿಕೊಂಡರೆ ಶಾಖ ಸಾವಿರ ಡಿಗ್ರಿ ಸೆಲ್ಸಿಯಸ್ ಹತ್ತಿರ ಹೋಗುತ್ತೆ. ಹೆಚ್ಚಿನ ವಿಮಾನಗಳ ಹೊರಮೈ ಅಲ್ಯೂಮಿನಿಯಂ. ಅದು ಕರಗೋದು 660 ಡಿಗ್ರಿಗೆ. ಅಂದ್ರೆ ಹೊರಗಿನ ಬೆಂಕಿ ಒಳಗೆ ನುಗ್ಗೋಕೆ ಒಂದು ನಿಮಿಷದಷ್ಟೇ ಸಮಯ ಸಾಕಾಗಬಹುದು.

ಇದಕ್ಕೆ ಬರೀ ನೀರು ಹಾಕಿದರೆ ಆಗಲ್ಲ. ಒಲೆ ಮೇಲಿನ ಬಾಣಲೆಯ ಎಣ್ಣೆಗೆ ಬೆಂಕಿ ಹತ್ತಿದಾಗ ನೀರು ಸುರಿಯಬಾರದು ಅಂತ ಅಜ್ಜಿಯಂದಿರು ಹೇಳ್ತಾರಲ್ಲ, ಹಾಗೆ. ಸೀಮೆಎಣ್ಣೆ ನೀರಿಗಿಂತ ಹಗುರ, ನೀರಿನ ಮೇಲೆ ತೇಲಿಕೊಂಡೇ ಉರಿಯುತ್ತೆ. ಅದಕ್ಕೇ ನೀರಿಗೆ ಫೋಮ್ ದ್ರಾವಣ ಬೆರೆಸಿ ನೊರೆ ಮಾಡ್ತೀವಿ. ನೊರೆ ಕಂಬಳಿ ಥರ ಇಂಧನದ ಮೇಲೆ ಹರಡಿ ಗಾಳಿ ತಾಗದ ಹಾಗೆ ಮಾಡುತ್ತೆ.

ಎಷ್ಟು ನೀರು ಬೇಕು ಅನ್ನೋದು ನಿಲ್ದಾಣಕ್ಕೆ ಬರೋ ವಿಮಾನದ ಉದ್ದ, ಅಗಲದ ಮೇಲೆ ನಿರ್ಧಾರ ಆಗುತ್ತೆ. ಒಂದರಿಂದ ಹತ್ತರವರೆಗೆ ವರ್ಗಗಳಿವೆ. 2022ರ ಅಕ್ಟೋಬರ್‌ನಲ್ಲಿ ಬೆಂಗಳೂರಿಗೆ ಮೊದಲ ಸಲ ಎ380 ಬಂದಾಗ ನೋಡೋಕೆ ಜನ ಮುಗಿಬಿದ್ದಿದ್ದು ನೆನಪಿದೆಯಾ? ಉದ್ದ ನೋಡಿದರೆ ಆ ವಿಮಾನ ಒಂಬತ್ತನೇ ವರ್ಗದ್ದು. ಆದರೆ ಒಡಲಿನ ಅಗಲ 7 ಮೀಟರ್ ದಾಟೋದರಿಂದ ಹತ್ತಕ್ಕೆ ಏರುತ್ತೆ. ಹತ್ತನೇ ವರ್ಗಕ್ಕೆ ಕನಿಷ್ಠ ಮೂರು ವಾಹನ, 32,300 ಲೀಟರ್ ನೀರು ಬೇಕು. ನಿಮ್ಮ ಬೀದಿಗೆ ಬರೋ 6,000 ಲೀಟರ್ ಟ್ಯಾಂಕರ್ ಲೆಕ್ಕದಲ್ಲಿ ಐದಕ್ಕಿಂತ ಸ್ವಲ್ಪ ಜಾಸ್ತಿ. ಈಗ ಕೇಳಿ: ನಿಮಿಷಕ್ಕೆ 11,200 ಲೀಟರ್ ಬಿಡಬೇಕು ಅಂತಲೂ ನಿಯಮ ಇದೆ. ಭಾಗಿಸಿ ನೋಡಿ. ಅಷ್ಟೂ ನೀರು ಮೂರು ನಿಮಿಷದೊಳಗೇ ಖಾಲಿ! ಅಷ್ಟರಲ್ಲಿ ಬೆಂಕಿ ನಮ್ಮ ಹಿಡಿತಕ್ಕೆ ಬಂದಿರಲೇಬೇಕು.

ಈಗ ಟ್ರೈನಿಂಗ್. ಆಯ್ಕೆಗೆ ಬರೆಯೋ ಪರೀಕ್ಷೆ ಒಂದು ಕಡೆಯಾದ್ರೆ, ಮೈ ಪರೀಕ್ಷೆ ಇನ್ನೊಂದು ಕಡೆ. ಓಟ, ಗಾಯಾಳುವನ್ನು ಹೆಗಲ ಮೇಲೆ ಹೊತ್ತು ಸಾಗಿಸೋದು, ಏಣಿ ಹತ್ತೋದು, ಕಂಬ ಹತ್ತೋದು, ಹಗ್ಗ ಹತ್ತೋದು. ಚಿಕ್ಕವನಿದ್ದಾಗ ಪೇಟೆಯ ಗರಡಿಮನೆಯಲ್ಲಿ ಹಗ್ಗಕ್ಕೆ ಜೋತಾಡಿದ್ದು ನನಗೆ ಅಲ್ಲಿ ಉಪಯೋಗಕ್ಕೆ ಬಂತು. ಜೊತೆಗೆ ಡ್ರೈವಿಂಗ್. ನಮ್ಮ ದೊಡ್ಡ ವಾಹನ, ಅಂದ್ರೆ ಕ್ರ್ಯಾಶ್ ಫೈರ್ ಟೆಂಡರ್, ಸಾವಿರಾರು ಲೀಟರ್ ನೀರು ತುಂಬಿಕೊಂಡು 40 ಸೆಕೆಂಡ್‌ನಲ್ಲಿ 80 ಕಿಲೋಮೀಟರ್ ವೇಗ ಮುಟ್ಟಬೇಕು. ಟ್ಯಾಂಕಿನಲ್ಲಿ ನೀರು ಹೊಯ್ದಾಡುವಾಗ ತಿರುವಿನಲ್ಲಿ ಗಾಡಿ ಪಲ್ಟಿ ಆಗದ ಹಾಗೆ ಓಡಿಸೋದನ್ನ ಕಲೀಬೇಕು.

ಆಮೇಲೆ ಹೊಗೆ ಕೋಣೆ. ಕಣ್ಣಿಗೆ ಏನೂ ಕಾಣಲ್ಲ. ಬೆನ್ನ ಮೇಲೆ ಗಾಳಿಯ ಸಿಲಿಂಡರ್, ಮುಖಕ್ಕೆ ಮಾಸ್ಕ್, ಮಂಡಿಯೂರಿ ತೆವಳಬೇಕು. ಗೋಡೆಯನ್ನ ಅಂಗೈಯಿಂದ ಮುಟ್ಟಬಾರದು, ಮುಂಗೈಯ ಹಿಂಬದಿಯಿಂದ ಸವರಬೇಕು. ಯಾಕಂದ್ರೆ ಕರೆಂಟ್ ಇರೋ ತಂತಿ ಅಂಗೈಗೆ ಸಿಕ್ಕರೆ ಕೈ ಅದನ್ನೇ ಬಿಗಿಯಾಗಿ ಹಿಡಿದುಕೊಂಡುಬಿಡುತ್ತೆ. ಇಂಥ ಚಿಕ್ಕ ಚಿಕ್ಕ ವಿಷಯಗಳೇ ಜೀವ ಉಳಿಸೋದು. ಬ್ರೇಕ್ ಕಾದು ಹೊಗೆಯಾಡ್ತಿರೋ ಚಕ್ರದ ಹತ್ತಿರ ಪಕ್ಕದಿಂದ ಹೋಗಬಾರದು, ಸಿಡಿದರೆ ಚೂರುಗಳು ಪಕ್ಕಕ್ಕೇ ಹಾರುತ್ತವೆ. ಮುಂದಿನಿಂದಲೋ ಹಿಂದಿನಿಂದಲೋ ಹೋಗಬೇಕು.

ತರಗತಿಯಲ್ಲಿ ಹೇಳೋ ಒಂದು ಕಥೆ ನನಗೆ ಮರೆಯಲ್ಲ. 2013ರ ಜುಲೈ 6, ಸ್ಯಾನ್‌ಫ್ರಾನ್ಸಿಸ್ಕೊ. ಏಷಿಯಾನಾ ಕಂಪನಿಯ ವಿಮಾನ ಇಳಿಯುವಾಗ ಅಪಘಾತ ಆಯ್ತು. ಹೊರಗೆ ಬಿದ್ದಿದ್ದ ಹದಿಹರೆಯದ ಹುಡುಗಿಯೊಬ್ಬಳ ಮೈಯನ್ನ ನೊರೆ ಮುಚ್ಚಿಬಿಟ್ಟಿತ್ತು. ಕಾಪಾಡೋಕೆ ಬಂದ ಅಗ್ನಿಶಾಮಕ ವಾಹನಗಳೇ ಅವಳ ಮೇಲೆ ಹರಿದವು. ಅವಸರದಲ್ಲಿ ನಾವೇ ಅಪಾಯ ಆಗಬಹುದು ಅನ್ನೋದಕ್ಕೆ ಇದಕ್ಕಿಂತ ದೊಡ್ಡ ಪಾಠ ಬೇಕಾ? ಬಿಳಿ ನೊರೆ ಕಂಡ ಕಡೆಯೆಲ್ಲ ಅದರೊಳಗೆ ಒಬ್ಬರು ಇದ್ದಾರೆ ಅಂದ್ಕೊಂಡೇ ಗಾಡಿ ಓಡಿಸಬೇಕು.

ಕೆಲಸಕ್ಕೆ ಸೇರೋದು ಹೇಗೆ ಅಂತ ಕೇಳೋರಿಗೆ: ಹುಬ್ಬಳ್ಳಿ, ಬೆಳಗಾವಿಯಂಥ ನಿಲ್ದಾಣಗಳನ್ನು ಭಾರತೀಯ ವಿಮಾನ ನಿಲ್ದಾಣ ಪ್ರಾಧಿಕಾರ ನಡೆಸುತ್ತೆ. ಪ್ರಾಧಿಕಾರಕ್ಕೆ ಕೋಲ್ಕತ್ತಾ ಮತ್ತು ದೆಹಲಿಯಲ್ಲಿ ಫೈರ್ ಟ್ರೈನಿಂಗ್ ಕೇಂದ್ರಗಳಿವೆ. ದೇವನಹಳ್ಳಿಯದನ್ನು ನಡೆಸೋದು ಬಿಐಎಎಲ್ ಕಂಪನಿ. ಇಬ್ಬರ ಅಧಿಸೂಚನೆಯೂ ಅವರವರ ವೆಬ್‌ಸೈಟ್‌ನಲ್ಲೇ ಬರುತ್ತೆ. ದುಡ್ಡು ಕೊಟ್ಟರೆ ಏರ್‌ಪೋರ್ಟ್ ಕೆಲಸ ಕೊಡಿಸ್ತೀನಿ ಅಂತ ವಾಟ್ಸಾಪ್‌ನಲ್ಲಿ ಬರೋ ಮೆಸೇಜ್ ನಂಬಬೇಡಿ. ಹುಡುಗಿಯರೂ ಕೇಳ್ತಿದ್ದೀರಿ ಅಂತ ಗೊತ್ತು. ಪ್ರಾಧಿಕಾರದ ಮೊದಲ ಮಹಿಳಾ ಅಗ್ನಿಶಾಮಕ ಸಿಬ್ಬಂದಿ ಕೋಲ್ಕತ್ತಾದ ತಾನಿಯಾ ಸನ್ಯಾಲ್ ಆಯ್ಕೆಯಾಗಿದ್ದು 2018ರಲ್ಲಿ. ಬಾಗಿಲು ತೆರೆದಿದೆ.

ಒಂದು ಮಾತು ಮೊದಲೇ ಹೇಳಿಬಿಡ್ತೀನಿ. ಈ ಕೆಲಸದಲ್ಲಿ ಹೆಚ್ಚಿನ ಪಾಲು ಕಾಯೋದು. ಬೆಳಗ್ಗೆ ಗಾಡಿ, ಪಂಪ್, ಸಿಲಿಂಡರ್, ಹೋಸ್ ಎಲ್ಲ ಪರೀಕ್ಷೆ. ಆಮೇಲೆ ಡ್ರಿಲ್. ಮತ್ತೆ ಡ್ರಿಲ್. ಎಲ್ಲೋ ಇಂಧನ ಸೋರಿದರೆ ಹೋಗ್ತೀವಿ. ಪೈಲಟ್ ಏನೋ ತೊಂದರೆ ಇದೆ ಅಂದರೆ 'ಲೋಕಲ್ ಸ್ಟ್ಯಾಂಡ್‌ಬೈ', ಅದಕ್ಕಿಂತ ಗಂಭೀರ ಆದರೆ 'ಫುಲ್ ಎಮರ್ಜೆನ್ಸಿ' ಅಂತ ಕರೆ ಬರುತ್ತೆ. ರನ್‌ವೇ ಪಕ್ಕ ಎಂಜಿನ್ ಆನ್ ಮಾಡ್ಕೊಂಡು ನಿಲ್ತೀವಿ. ವಿಮಾನ ಸಲೀಸಾಗಿ ಇಳಿಯುತ್ತೆ. ಕಿಟಕಿಯಿಂದ ಯಾರೋ ನಮ್ಮ ಗಾಡಿಯ ವಿಡಿಯೊ ಮಾಡ್ತಾರೆ. ನಾವು ವಾಪಸ್. ಕಲಿತ ವಿದ್ಯೆ ನಿಜವಾಗಿ ಬೇಕಾಗದೇ ರಿಟೈರ್ ಆಗಲಿ ಅಂತ ಬೇಡಿಕೊಳ್ಳೋ ಕೆಲಸ ಇದು. ಆದರೂ ಆ ವಿದ್ಯೆಗೆ ತುಕ್ಕು ಹಿಡಿಯೋಕೆ ಬಿಡಬಾರದು. ಬೆಂಕಿಗಿಂತ ಕಷ್ಟ ಇದೇ.

ಯಾಕೆ ಬಿಡಬಾರದು ಅನ್ನೋದಕ್ಕೆ ನಮ್ಮ ಊರಿನದೇ ಉದಾಹರಣೆ ಇದೆ. ನಿಮ್ಮಲ್ಲಿ ತುಂಬಾ ಜನ ಆಗ ಹುಟ್ಟಿರಲಿಲ್ಲ. ಆಗ ಬೆಂಗಳೂರಿನ ವಿಮಾನ ನಿಲ್ದಾಣ ಅಂದ್ರೆ ಎಚ್‌ಎಎಲ್. 1990ರ ಫೆಬ್ರವರಿ 14ರಂದು ಬಾಂಬೆಯಿಂದ ಬಂದ ಇಂಡಿಯನ್ ಏರ್‌ಲೈನ್ಸ್ ಎ320, ರನ್‌ವೇ ಇನ್ನೂ ಮುಂದೆ ಇರುವಾಗಲೇ ಹೊರಗಿನ ಗಾಲ್ಫ್ ಮೈದಾನಕ್ಕೆ ಬಡಿದು ಹೊತ್ತಿಕೊಂಡಿತು. 146 ಜನರಲ್ಲಿ 92 ಜನ ತೀರಿಕೊಂಡರು. 2010ರ ಮೇ 22ರಂದು ಮಂಗಳೂರಿನಲ್ಲಿ ವಿಮಾನ ರನ್‌ವೇ ದಾಟಿ ಕಣಿವೆಗೆ ಬಿತ್ತು. 166 ಜನರಲ್ಲಿ ಉಳಿದಿದ್ದು 8 ಜನ. ಎರಡನ್ನೂ ಒಟ್ಟಿಗೆ ನೋಡಿ. ಎರಡೂ ರನ್‌ವೇ ಆಚೆ ಆಗಿದ್ದು. ನಮ್ಮ ಮೂರು ನಿಮಿಷದ ಲೆಕ್ಕ ರನ್‌ವೇಗೆ ಮಾತ್ರ. ಆಚೆ ಗದ್ದೆ ಇರುತ್ತೆ, ಕಲ್ಲು ಇರುತ್ತೆ, ಇಳಿಜಾರು ಇರುತ್ತೆ. ಅದಕ್ಕೇ ನಿಲ್ದಾಣದ ಸುತ್ತಲಿನ ನಕ್ಷೆಯನ್ನ ಚೌಕ ಚೌಕ ಮಾಡಿ ಬಾಯಿಪಾಠ ಮಾಡಿಸ್ತಾರೆ. ಕಾಂಪೌಂಡಿನ ಯಾವ ಗೇಟಿನಿಂದ ಯಾವ ದಾರಿಗೆ ಹೋಗಬಹುದು, ಮಳೆಗಾಲದಲ್ಲಿ ಗಾಡಿ ಎಲ್ಲಿ ಹೂತುಕೊಳ್ಳುತ್ತೆ, ಎಲ್ಲ ಗೊತ್ತಿರಬೇಕು.

ಈಗ ನಿಮ್ಮ ಸರದಿ. ಸಿನಿಮಾದಲ್ಲಿ ನಾವು ಬೆಂಕಿಯೊಳಗೆ ನುಗ್ಗಿ ಒಬ್ಬೊಬ್ಬರನ್ನೇ ಎತ್ತಿಕೊಂಡು ಬರ್ತೀವಿ. ನಿಜದಲ್ಲಿ ಉಳಿಯೋರಲ್ಲಿ ಹೆಚ್ಚಿನವರು ತಮ್ಮ ಕಾಲ ಮೇಲೆ ತಾವೇ ಹೊರಗೆ ಬಂದೋರು. ನಮ್ಮ ಮೊದಲ ಕೆಲಸ ಅವರು ಬರೋ ದಾರಿಗೆ ಬೆಂಕಿ ಬರದ ಹಾಗೆ ತಡೆಯೋದು. ದೊಡ್ಡ ವಿಮಾನ ತಯಾರಿಸೋರು, ಅರ್ಧ ಬಾಗಿಲು ಮುಚ್ಚಿದ್ದರೂ ಎಲ್ಲರೂ 90 ಸೆಕೆಂಡ್‌ನಲ್ಲಿ ಹೊರಗೆ ಬರಬಹುದು ಅಂತ ಸಾಬೀತು ಮಾಡಬೇಕು. ನಮಗೆ ಇರೋದು ಮೂರು ನಿಮಿಷ. ಅಂದ್ರೆ ನಾವು ಬರೋ ಮುಂಚೆಯೇ ನೀವು ಹೊರಟಿರಬೇಕು.

2024ರ ಜನವರಿ 2ರಂದು ಟೋಕಿಯೊದ ಹನೇಡಾದಲ್ಲಿ ಜಪಾನ್ ಏರ್‌ಲೈನ್ಸ್ ವಿಮಾನ ಇನ್ನೊಂದು ಚಿಕ್ಕ ವಿಮಾನಕ್ಕೆ ಡಿಕ್ಕಿ ಹೊಡೆದು ಪೂರ್ತಿ ಸುಟ್ಟುಹೋಯಿತು. ಚಿಕ್ಕ ವಿಮಾನದಲ್ಲಿದ್ದ ಐವರು ತೀರಿಕೊಂಡರು. ದೊಡ್ಡದರಲ್ಲಿದ್ದ 379 ಜನರೂ ಬದುಕಿದರು. ಎಂಟು ಬಾಗಿಲುಗಳಲ್ಲಿ ಬಳಸೋಕೆ ಆಗಿದ್ದು ಮೂರೇ. ಬ್ಯಾಗ್ ಬಿಟ್ಟು ಬನ್ನಿ ಅಂತ ಸಿಬ್ಬಂದಿ ಹೇಳಿದರು, ಜನ ಕೇಳಿದರು.

ಬಸವನಗುಡಿಯ ಕಡಲೆಕಾಯಿ ಪರಿಷೆಗೆ ಹೋಗಿದೀರಲ್ಲ? ಬುಲ್ ಟೆಂಪಲ್ ರಸ್ತೆಯ ಆ ಜನಜಂಗುಳಿಯಲ್ಲಿ ಒಬ್ಬರು ಬಿದ್ದ ಚಪ್ಪಲಿ ಎತ್ತಿಕೊಳ್ಳೋಕೆ ಬಗ್ಗಿದರೆ ಹಿಂದೆ ಎಷ್ಟು ಜನ ನಿಂತುಬಿಡ್ತಾರೆ! ವಿಮಾನದ ನಡುದಾರಿ ಅದಕ್ಕಿಂತ ಇಕ್ಕಟ್ಟು. ನೀವು ಮೇಲಿನ ಬ್ಯಾಗಿಗೆ ಕೈ ಹಾಕೋ ಐದು ಸೆಕೆಂಡ್, ಹಿಂದಿನ ಸಾಲಿನ ಅಜ್ಜಿಯ ಐದು ಸೆಕೆಂಡ್. ಲ್ಯಾಪ್‌ಟಾಪ್ ಹೋದರೆ ಇನ್ನೊಂದು ಬರುತ್ತೆ.

ಮುಂದಿನ ಸಲ ವಿಮಾನ ಹತ್ತಿದಾಗ ಮೂರು ಕೆಲಸ ಮಾಡಿ. ನಿಮ್ಮ ಸೀಟಿನಿಂದ ಹತ್ತಿರದ ಎಕ್ಸಿಟ್‌ಗೆ ಎಷ್ಟು ಸಾಲು ಅಂತ ಎಣಿಸಿ, ಮುಂದೆ ಒಂದು, ಹಿಂದೆ ಒಂದು. ಹೊಗೆಯಲ್ಲಿ ಕಣ್ಣು ಕಾಣದಿದ್ದರೂ ಕೈ ಎಣಿಸುತ್ತೆ. ಇಳಿಯೋವರೆಗೂ ಚಪ್ಪಲಿಯೋ ಶೂವೋ ಕಾಲಲ್ಲೇ ಇರಲಿ. ಗಗನಸಖಿ ಸುರಕ್ಷತೆಯ ಮಾತು ಹೇಳುವಾಗ ಎರಡು ನಿಮಿಷ ಇಯರ್‌ಫೋನ್ ತೆಗೆದಿಡಿ. ಕಿವಿಯಲ್ಲಿ ಇದೇ ಪಾಡ್‌ಕಾಸ್ಟ್ ಓಡ್ತಿದ್ದರೂ ಸರಿ, ಪಾಸ್ ಮಾಡಿ. ಕಿಟಕಿಯಿಂದ ನಮ್ಮ ಗಾಡಿ ಕಂಡರೆ ಒಂದು ಸಲ ಕೈ ಬೀಸಿ, ನಾವೂ ಬೀಸ್ತೀವಿ.